ನಡುಗೋಡೆಯ ತೇವ

ಯಾರ ಮನೆಗೆ ಹೋದರೂ ನನಗೊಂದು ಕೆಟ್ಟ ಚಾಳಿ. ಮನೆಯವರು ಕಾಫಿ ತರಲು ಒಳಗೆ ಹೋದ ಕೂಡಲೇ ಬಗ್ಗಿ ಗೋಡೆಯ ಬುಡಕ್ಕೆ ಅಂಗೈ ಒತ್ತಿ ನೋಡುತ್ತೇನೆ. ಗೋಡೆ ಬೆಚ್ಚಗಿದ್ದರೆ ಕಾಫಿ ರುಚಿಸುತ್ತದೆ. ತಣ್ಣಗೆ ಕೈಗೆ ಅಂಟಿದರೆ, ಆ ಮನೆಯ ನೆಲದಡಿಯಲ್ಲಿ ಎಲ್ಲೋ ನೀರು ಯಾರಿಗೂ ತಿಳಿಯದಂತೆ ತನ್ನ ಕೆಲಸ ನಡೆಸಿದೆಯೆಂದು ಖಾತ್ರಿಯಾಗಿ, ಹೇಳಲೋ ಬೇಡವೋ ಎಂದು ಲೋಟ ಬರಿದಾಗುವವರೆಗೂ ಒದ್ದಾಡುತ್ತೇನೆ. ಹೇಳಿದರೆ ಮನೆಯವರ ಮುಖ ಸಣ್ಣದಾಗುತ್ತದೆ. ಹೇಳದೆ ಬಂದರೆ ನನ್ನ ಮನಸ್ಸು ಸುಮ್ಮನಿರುವುದಿಲ್ಲ. ಇದೇನು ಈಕೆಗೆ ಎಂದು ನೀವು ನಗಬಹುದು. ಆದರೆ ಸುಣ್ಣದ ಗೋಡೆಯ ಮೇಲೆ ಅಂಗೈಯಗಲದ ಒಂದು ಒದ್ದೆ ಮಚ್ಚೆ ಎರಡು ಮನೆಗಳನ್ನು ಏನು ಮಾಡಬಲ್ಲದೆಂದು ನಾನು ಕಣ್ಣಾರೆ ಕಂಡವಳು.

ಅರವತ್ತರ ದಶಕದ ಮೊದಲ ವರ್ಷಗಳು. ಅರಕಲಗೂಡಿನ ಹತ್ತಿರದ ಹಳ್ಳಿಯಿಂದ ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದಾಗ ನನಗೆ ಇಪ್ಪತ್ತು ವರ್ಷ. ನನ್ನ ಯಜಮಾನರು ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತರು. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುವರು. ಉಳಿದ ದಿನಗಳಲ್ಲಿ ಮನೆಗೆ ನಾವಿಬ್ಬರೇ, ನಾನು ಮತ್ತು ನಮ್ಮತ್ತೆ ನಿಂಗಮ್ಮ. ಮಾವನವರು ತೀರಿಕೊಂಡು ಬಹಳ ಕಾಲವಾಗಿತ್ತು. ಕಟ್ಟಾಯದ ಕಡೆ ಇದ್ದ ಗದ್ದೆ ಹೊಲಗಳನ್ನು ಅತ್ತೆ ತಾವೇ ಬದುವಿನ ಮೇಲೆ ನಿಂತು ಉಳಿಸಿ ಬೆಳೆಸಿದವರು. ಅವರ ದನಿ ನಾಲ್ಕು ಮನೆಗೆ ಕೇಳುವಂಥದು, ಮನಸ್ಸು ಬೆಣ್ಣೆಯಂಥದು. ಆದರೆ ಆ ಬೆಣ್ಣೆಯನ್ನು ಅವರು ಬಹಳ ಎತ್ತರದ ನೆಲುವಿನ ಮೇಲೆ ಇಟ್ಟಿದ್ದರು. ಕೈಗೆ ಎಟುಕುವುದಕ್ಕೆ ವರ್ಷಗಳೇ ಬೇಕು.

ನಮ್ಮದು ಒಂದಕ್ಕೊಂದು ಅಂಟಿಕೊಂಡ ಹೆಂಚಿನ ಮನೆಗಳ ಬೀದಿ. ನಮಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಮೊಳ ದಪ್ಪದ ಒಂದೇ ಒಂದು ಮಣ್ಣಿನ ಗೋಡೆ. ಗೋಡೆಯ ಆಚೆ ಬದಿಯಲ್ಲಿ ಚಿಕ್ಕತಾಯಮ್ಮನ ಸಂಸಾರ. ಅವರ ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಚಿಕ್ಕತಾಯಮ್ಮ ಮನೆಯಲ್ಲೇ ಹೊಲಿಗೆ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಊರಿನ ಅರ್ಧದಷ್ಟು ಮದುವಣಗಿತ್ತಿಯರು ಅವರು ಹೊಲಿದ ರವಿಕೆ ತೊಟ್ಟೇ ಹಸೆಗೆ ಕೂತವರು. ಅತ್ತೆಯೂ ಅವರೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದಿದ್ದರಂತೆ. ಎರಡು ಹಿತ್ತಿಲಿಗೂ ಸೇರಿ ಒಂದೇ ಬಾವಿ. ಆ ಬಾವಿಯ ಕಟ್ಟೆಯ ಮೇಲೆ ಇಪ್ಪತ್ತೈದು ವರ್ಷ ಬೆಳಿಗ್ಗೆ ಸಂಜೆ ಅವರಿಬ್ಬರೂ ಸೇದಿದ್ದು ನೀರಿಗಿಂತ ಮಾತನ್ನೇ ಹೆಚ್ಚು ಎಂದು ನನ್ನ ಯಜಮಾನರು ತಮಾಷೆ ಮಾಡುತ್ತಿದ್ದರು.

ಹಾಗಿರುವಾಗ ಊರಿಗೆ ನಲ್ಲಿ ಬಂತು. ಮೊದಲು ಬೀದಿಯ ಮೂಲೆಯಲ್ಲಿ ಒಂದು ಬಂತು. ಆಮೇಲೆ ಬೇಕಾದವರು ಮನೆಯೊಳಕ್ಕೂ ಹಾಕಿಸಿಕೊಳ್ಳಬಹುದು ಎಂದಾಯಿತು. ನಮ್ಮ ಬೀದಿಯಲ್ಲಿ ಮೊದಲು ಹಾಕಿಸಿದವರು ನಮ್ಮತ್ತೆ. ಆ ದಸರೆಯ ಸಮಯದಲ್ಲಿ ಅವರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ ಮಾತೆಂದರೆ ‘ನಮ್ಮಲ್ಲಿ ನಲ್ಲಿ’. ಆ ಎರಡು ಪದಗಳನ್ನು ಅವರು ಹಾಡಿನ ಹಾಗೆ ಹೇಳುವುದನ್ನು ಕೇಳಿ ಕೇಳಿ ನನಗೂ ಅದು ಬಾಯಿಪಾಠವಾಗಿತ್ತು. ಪೈಪು ಹಾಕಲು ಬಂದವನು, ಗೋಡೆಯ ಮೇಲೆಯೇ ಕಾಣುವಂತೆ ಎಳೆದುಕೊಂಡು ಹೋಗುತ್ತೇನೆ, ಮುಂದೆ ಏನಾದರೂ ಆದರೆ ಕೈಗೆ ಸಿಗುತ್ತದೆ ಎಂದ. ಅತ್ತೆ ಒಪ್ಪಲಿಲ್ಲ.

“ಬಿಳೀ ಗ್ವಾಡೆ ಮ್ಯಾಲೆ ಕಬ್ಬಣದ ಆವು ಅರ್ದಂಗೆ ಕಾಣ್ತದೆ. ನೆಲದೊಳಕ್ಕೆ ಊತಾಕು” ಎಂದರು.

ಹಾಗೆ ಪೈಪು ಗಾರೆ ನೆಲದಡಿ ನಡುಗೋಡೆಯ ಬುಡ ಹಿಡಿದು ಸಾಗಿ ಅಡುಗೆಮನೆಯಲ್ಲಿ ಮೇಲೆದ್ದಿತು. ಅದರ ಬಾಯಿಗೆ ಹಿತ್ತಾಳೆಯ ನಲ್ಲಿ. ಅದಕ್ಕೆ ಅರಿಸಿನ ಕುಂಕುಮ, ಒಂದು ಎಳೆ ಸೇವಂತಿಗೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ನೀರು ಬರುವುದು. ಮೊದಲ ದಿನದ ನೀರಿನಲ್ಲಿ ದೇವರ ಪಾಲು ಕಳೆದು ಮೊದಲ ಕೊಡ ಹೋದದ್ದು ಚಿಕ್ಕತಾಯಮ್ಮನ ಮನೆಗೆ. ಅವರು ಬಂದು ನಲ್ಲಿಯನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ, “ಅಲ್ಲ ಕಣಕ್ಕ, ಒಲೆ ಮುಂದೆ ಕುಂತ್ಕಂಡೇ ನೀರು ಇಡಿಬೋದಲ್ಲ! ರಾಣಿ ಆಗ್ಬುಟ್ಟೆ ನೀನು” ಎಂದು ಅತ್ತೆಯ ಗಲ್ಲ ಹಿಡಿದು ಅಲ್ಲಾಡಿಸಿದರು. ಅತ್ತೆಯ ಗಲ್ಲ ಹಿಡಿಯುವ ಅಧಿಕಾರ ಆ ಊರಿನಲ್ಲಿ ಇದ್ದದ್ದು ಅವರೊಬ್ಬರಿಗೇ.

ಕಾರ್ತಿಕ ಮಾಸ ಕಳೆಯಿತು. ಮಳೆ ನಿಂತು ಎಷ್ಟೋ ದಿನಗಳಾಗಿ, ಅಂಗಳದಲ್ಲಿ ಒಣಹಾಕಿದ ಕಾಳು ಸಂಜೆಯೊಳಗೆ ಗಲಗಲ ಎನ್ನುವಂಥ ಒಣ ಚಳಿ. ಒಂದು ಬೆಳಿಗ್ಗೆ ರಾಗಿ ತೆಗೆಯಲು ಅಡುಗೆಮನೆಯ ಮೂಲೆಯಲ್ಲಿದ್ದ ಮಣ್ಣಿನ ವಾಡೆಯ ಬಾಯಿಗೆ ಕೈ ಹಾಕಿದೆ. ತಳದ ರಾಗಿ ಗಂಟುಗಂಟಾಗಿ ಬಂತು, ಮುಗ್ಗುಲು ವಾಸನೆ. ವಾಡೆಯನ್ನು ಸರಿಸಿ ನೋಡಿದರೆ ಹಿಂದಿನ ಗೋಡೆಯ ಮೇಲೆ ಆ ಮಚ್ಚೆ. ಸುಣ್ಣ ಉಬ್ಬಿ ಹಪ್ಪಳದಂತೆ ಎದ್ದಿತ್ತು; ಬೆರಳು ತಾಗಿಸಿದರೆ ಉದುರಿತು. ಅತ್ತೆಯನ್ನು ಕರೆದೆ. ಅವರು ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು ಗೋಡೆಯನ್ನು ಮುಟ್ಟಿ, ಮೂಸಿ, ಒಂದು ಕ್ಷಣವೂ ಯೋಚಿಸದೆ ತೀರ್ಪು ಕೊಟ್ಟರು.

“ಇದು ಚಿಕ್ಕತಾಯಿ ಬಚ್ಲು ನೀರು.”

ಅವರ ಊಹೆಯನ್ನು ಪೂರಾ ತಪ್ಪೆನ್ನುವ ಹಾಗೂ ಇರಲಿಲ್ಲ. ಗೋಡೆಯ ಆಚೆ ಬದಿಗೆ ಅವರ ಬಚ್ಚಲು, ಅದಕ್ಕೆ ಸೇರಿದಂತೆ ಹೊಲಿಗೆಯ ಕೋಣೆ. ಬಚ್ಚಲ ಕಲ್ಲು ಹಳೆಯದು. ಮಳೆಯಿಲ್ಲದ ಕಾಲದಲ್ಲಿ ಗೋಡೆ ನೆಂದರೆ ಮತ್ತೆ ಯಾವ ನೀರನ್ನು ದೂರುವುದು? ನಮ್ಮ ನಲ್ಲಿಯ ನೆನಪು ನಮಗಿಬ್ಬರಿಗೂ ಬರಲಿಲ್ಲ. ಆರಾಧಿಸುವ ವಸ್ತುವಿನ ಮೇಲೆ ಅನುಮಾನ ಹುಟ್ಟುವುದು ಎಲ್ಲಕ್ಕಿಂತ ಕಡೆಗೆ.

ಆ ಸಂಜೆ ಬಾವಿಕಟ್ಟೆಯ ಹತ್ತಿರ ಮಾತಿಗೆ ಮಾತು ಬೆಳೆಯಿತು. ಬಚ್ಚಲನ್ನು ಒಮ್ಮೆ ನೋಡಿಸು ಎಂದು ಮೆತ್ತಗೆ ಹೇಳಿದ್ದರೆ ಸಾಕಾಗಿತ್ತು. ಆದರೆ ಹಾಳಾದ ರಾಗಿಯ ಸಂಕಟ ಅತ್ತೆಯ ನಾಲಗೆಗೆ ಏರಿತ್ತು. “ನಿಮ್ಮ ಮೈ ತೊಳೆದ ಕೊಳಕು ನೀರು ನಾವು ಉಣ್ಣೋ ರಾಗಿಗೆ ಬಂದೈತೆ ಕಣೆ. ಇಷ್ಟು ವರ್ಸ ಆಯ್ತು, ಒಂದು ಬಚ್ಲು ನೆಟ್ಟಗೆ ಮಾಡ್ಸಕೊಳ್ಳೋ ಯೋಗ್ಯತೆ ಇಲ್ವಾ ನಿಂಗೆ?” ಎಂದುಬಿಟ್ಟರು.

ಚಿಕ್ಕತಾಯಮ್ಮ ನಡುವೆಯೇ ಏನೋ ಹೇಳಲು ಬಾಯಿ ತೆರೆದಿದ್ದರು. ‘ಯೋಗ್ಯತೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತೆರೆದ ಬಾಯಿ ಮುಚ್ಚಿತು. ಅರ್ಧ ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ಒಳಗೆ ನಡೆದರು. ಅಲ್ಲಿಗೆ ಇಪ್ಪತ್ತೈದು ವರ್ಷದ ಮಾತು ನಿಂತಿತು.

ಮಾತು ನಿಂತ ಮನೆಗಳ ನಡುವೆ ಬಾಳುವುದು ಎಷ್ಟು ಕಷ್ಟವೆಂದು ಒಂಟಿ ಮನೆಗಳಲ್ಲಿ ಇರುವವರಿಗೆ ತಿಳಿಯದು. ಗೋಡೆಯಾಚೆ ಹೊಲಿಗೆಯ ಮಿಷನ್ನು ಕಟಕಟ ಎನ್ನುವುದು ನಮಗೆ ಕೇಳುತ್ತಿತ್ತು. ನಾವು ಒಗ್ಗರಣೆ ಹಾಕಿದ್ದು ಅವರಿಗೆ ಕೇಳುತ್ತಿತ್ತು. ಅತ್ತೆ ಗಿರಣಿಯ ವಿಷಯವನ್ನೋ ನೆಂಟರ ವಿಷಯವನ್ನೋ ಗೋಡೆಯ ಕಡೆಗೆ ಮುಖಮಾಡಿ ನನ್ನೊಡನೆ ಜೋರಾಗಿ ಮಾತಾಡುವರು. ಅತ್ತ ಕಡೆಯಿಂದ ಮಿಷನ್ನು ಇನ್ನೂ ಜೋರಾಗಿ ಓಡುವುದು. ಒಳ್ಳೆಯ ಸಾರು ಮಾಡಿದ ದಿನ ಅತ್ತೆಯ ಕೈ ತನಗೆ ತಾನೇ ಇನ್ನೊಂದು ಬಟ್ಟಲನ್ನು ಹುಡುಕುವುದು, ಹುಡುಕಿ, ನೆನಪಾಗಿ, ಕೆಳಗಿಡುವುದು. ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ.

ಮಚ್ಚೆ ಮಾತ್ರ ಬೆಳೆಯುತ್ತ ಹೋಯಿತು. ಅಂಗೈಯಷ್ಟಿದ್ದದ್ದು ಮೊರದಷ್ಟಾಯಿತು, ಮೊಣಕಾಲೆತ್ತರಕ್ಕೆ ಏರಿತು. ಶನಿವಾರ ಬಂದ ನನ್ನ ಯಜಮಾನರು ಬೆರಳಲ್ಲಿ ಒತ್ತಿದರೆ ಬೆರಳು ಗೆಣ್ಣಿನವರೆಗೂ ಒಳಗೆ ಹೋಯಿತು. “ಅವ್ವ, ಇದು ಮಣ್ಣುಗೋಡೆ. ಬುಡ ಮೆತ್ತಗಾದ್ರೆ ಮ್ಯಾಲಿನ ತೊಲೆ ಯಾವ ಕಡೆ ಕೂರುತ್ತೋ ಗೊತ್ತಿಲ್ಲ” ಎಂದರು. ಅತ್ತೆ ಹಟ ಇನ್ನೂ ಬಿಗಿ ಮಾಡಿದರು. ಬರುವ ವಾರ ಬೀದಿಯ ನಾಲ್ಕು ಜನ ಹಿರಿಯರನ್ನು ಸೇರಿಸುವುದು, ಅವರ ಎದುರಿಗೇ ಆ ಬಚ್ಚಲನ್ನು ಒಡೆಸುವುದು. ಹಾಗೆಂದು ಗೋಡೆಗೆ ಕೇಳುವಂತೆಯೇ ಹೇಳಿದರು.

ಬೀದಿಯ ಮುಂದೆ ಪಂಚಾಯಿತಿಯಾದರೆ ಆಮೇಲೆ ಯಾರು ಗೆದ್ದರೂ ಆ ಇಬ್ಬರೂ ಮತ್ತೆ ಒಂದಾಗುವುದಿಲ್ಲ ಎಂಬುದು ಹೊಸ ಸೊಸೆಯಾದ ನನಗೂ ಹೊಳೆಯಿತು. ನನ್ನ ಕೈಲಾದದ್ದು ಅತಿ ಚಿಕ್ಕ ಕೆಲಸ. ಯಜಮಾನರ ಜೇಬಿನಿಂದ ಒಂದು ಸೀಸದ ಕಡ್ಡಿ ತೆಗೆದುಕೊಂಡು ಮಚ್ಚೆಯ ಅಂಚಿನ ಸುತ್ತ ಗೆರೆ ಎಳೆದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಗೆರೆ, ನಲ್ಲಿ ನಿಂತ ಮೇಲೆ ಒಂದು, ಮಧ್ಯಾಹ್ನ ಊಟವಾದ ಮೇಲೆ ಒಂದು, ದೀಪ ಹಚ್ಚುವಾಗ ಒಂದು. ಬಚ್ಚಲಿನ ನೀರೇ ಆಗಿದ್ದರೆ ಅವರ ಮನೆಯಲ್ಲಿ ಸ್ನಾನ, ಬಟ್ಟೆ ಒಗೆಯುವುದು ನಡೆಯುವ ನಡುಮಧ್ಯಾಹ್ನಕ್ಕೆ ಮಚ್ಚೆ ಹಿಗ್ಗಬೇಕು. ಅದು ಹಿಗ್ಗುತ್ತಿದ್ದದ್ದು ಬೆಳಿಗ್ಗೆ ಆರರಿಂದ ಎಂಟರ ನಡುವೆ. ಮಧ್ಯಾಹ್ನದ ಗೆರೆ ನಲ್ಲಿ ನಿಂತ ಮೇಲೆ ಎಳೆದ ಗೆರೆಯ ಮೇಲೆಯೇ ಕೂರುತ್ತಿತ್ತು. ಆ ವಾರದಲ್ಲೇ ಯಾವುದೋ ರಿಪೇರಿಗೆಂದು ಎರಡು ದಿನ ಊರಿಗೆ ನಲ್ಲಿ ನೀರು ಬರಲಿಲ್ಲ. ಆ ಎರಡು ದಿನವೂ ಗೋಡೆಯಾಚೆ ಬಟ್ಟೆ ಒಗೆಯುವ ಸದ್ದು ಕೇಳುತ್ತಲೇ ಇತ್ತು. ನಮ್ಮ ಮಚ್ಚೆ ಮಾತ್ರ ಒಂದು ಬೆರಳು ಕುಗ್ಗಿತು.

ಅತ್ತೆಗೆ ತೋರಿಸಿದೆ. ಅವರು ಗೆರೆಗಳನ್ನು ನೋಡಿದರು, ನನ್ನನ್ನು ನೋಡಿದರು. “ಗ್ವಾಡೆ ಮ್ಯಾಲೆ ರಂಗೋಲಿ ಬುಡೋದ ಬುಟ್ಟು ಅಸಿಟ್ಟು ಜರಡಿ ಇಡಿಯವ್ವ, ಓಗು” ಎಂದರು. ಆದರೆ ಆ ಮಾತಿನಲ್ಲಿ ಎಂದಿನ ಗಟ್ಟಿತನವಿರಲಿಲ್ಲ.

ಮಾರನೆಯ ಮಧ್ಯಾಹ್ನ ಅತ್ತೆ ಸ್ವಲ್ಪ ಅಡ್ಡಾದ ಹೊತ್ತಿನಲ್ಲಿ ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನು ಪಕ್ಕದ ಮನೆಗೆ ಹೋದೆ. ಚಿಕ್ಕತಾಯಮ್ಮ ಮಿಷನ್ನಿನ ಮುಂದೆ ಕೂತಿದ್ದರು. ಅವರ ಕಡೆಯ ಗೋಡೆ ನಮ್ಮದಕ್ಕಿಂತ ಹೆಚ್ಚು ನೆಂದಿತ್ತು. ಗೋಡೆಗೆ ಒರಗಿದ್ದ ಮರದ ಬೀರುವಿನ ಹಿಂಬದಿ ಕಪ್ಪಾಗಿತ್ತು. ಒಳಗಿಟ್ಟಿದ್ದ ಮದುವೆಯ ರವಿಕೆ ಬಟ್ಟೆಗಳಿಗೆ ಬೂಷ್ಟು ಹಿಡಿದು, ಅವರು ಒಂದೊಂದನ್ನೂ ನಿಂಬೆಹಣ್ಣಿನಿಂದ ತಿಕ್ಕಿ ಹಗ್ಗದ ಮೇಲೆ ಹರಡಿದ್ದರು. ಇಷ್ಟಾದರೂ ಒಂದು ಮಾತು ನಮ್ಮ ಮನೆಗೆ ಬಂದಿರಲಿಲ್ಲ. ನಾನು ನೀಲಿಯ ವಿಷಯ ಹೇಳಿದೆ: ನಿಮ್ಮ ಬಚ್ಚಲಿಗೆ ಗಾಢವಾದ ನೀಲಿ ನೀರು ಸುರಿಯೋಣ, ನಮ್ಮ ಗೋಡೆಗೆ ಆ ಬಣ್ಣ ಬಂದರೆ ಬಚ್ಚಲಿನದು, ಬರದಿದ್ದರೆ ಬೇರೆ ಯಾವುದೋ.

ಅವರು ನನ್ನ ಮುಖವನ್ನೇ ನೋಡುತ್ತ ವಿಚಿತ್ರವಾಗಿ ನಕ್ಕರು. “ಸುರಿ ಮಗಾ, ಎಷ್ಟು ಬೇಕೋ ಅಷ್ಟು ಸುರಿ” ಎಂದರು. ಆ ನಗೆಯ ಅರ್ಥ ನನಗೆ ಆಗ ಆಗಲಿಲ್ಲ.

ಹಂಡೆಯ ತುಂಬ ನೀಲಿ ಕಲಸಿ ಸುರಿದೆವು. ಹಿಂದಿನ ಓಣಿಯ ಮೋರಿ ನೀಲಿಯಾಗಿ ಹರಿಯಿತು. ಮೂರು ದಿನ ಕಾದರೂ ನಮ್ಮ ಗೋಡೆಗೆ ಬಣ್ಣದ ಒಂದು ಎಳೆಯೂ ಬರಲಿಲ್ಲ. ಶನಿವಾರ ಯಜಮಾನರು ಬಂದಾಗ ಗೆರೆಗಳನ್ನೂ ನೀಲಿಯ ಸಂಗತಿಯನ್ನೂ ಒಪ್ಪಿಸಿದೆ. ಚಪ್ಪಲಿ ಮೆಟ್ಟಿ ನೇರವಾಗಿ ಫಿಟ್ಟರ್ ಸಿದ್ದಯ್ಯನ ಮನೆಗೆ ಹೋದರು.

ಸಿದ್ದಯ್ಯ ಊರಿನ ಹೊರಗೇರಿಯವನು. ನೆಲದಡಿಯ ನೀರನ್ನು ಕಿವಿಯಿಂದ ಹುಡುಕುವವನೆಂದು ಹೆಸರಾದವನು. ಗೊರೂರಿನಿಂದ, ಚನ್ನರಾಯಪಟ್ಟಣದಿಂದ ಕೂಡ ಜನ ಬಂದು ಕರೆದೊಯ್ಯುತ್ತಿದ್ದರು. “ನೀರು ಬರೋ ಒತ್ತಿಗೇ ಬತ್ತೀನಿ ಸಾ. ನೀರು ನಿಂತ್ಮೇಲೆ ಪೈಪು ಮೂಗ” ಎಂದು ಹೇಳಿಕಳಿಸಿದನಂತೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಒಂದು ಕಬ್ಬಿಣದ ಹಾರೆಯನ್ನು ಹೆಗಲಿಗಿಟ್ಟು ಬಂದ. ಎಲ್ಲ ಕಡೆ ನೀರು ಬಿಡುವುದನ್ನು ನಿಲ್ಲಿಸಿ ಎಂದ. ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದೆವು. ಪಡಸಾಲೆಯಲ್ಲಿ ಹಾರೆಯ ಮೊನೆಯನ್ನು ನೆಲಕ್ಕೂರಿ ಅದರ ತಲೆಗೆ ಕಿವಿಯಿಟ್ಟ. ಎರಡು ಹೆಜ್ಜೆ ನಡೆದು ಮತ್ತೆ ಊರಿ ಮತ್ತೆ ಕಿವಿಯಿಟ್ಟ. ಗೋಡೆಯಾಚೆಯಿಂದ ಮಿಷನ್ನಿನ ಸದ್ದು. ಆ ಸದ್ದು ನಿಲ್ಲಬೇಕು ಎಂದ ಸಿದ್ದಯ್ಯ. ಯಾರು ಹೋಗಿ ಹೇಳುವುದು ಎಂದು ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಮಿಷನ್ನು ತಾನಾಗಿ ನಿಂತಿತು.

ಹಾರೆ ಊರುತ್ತ ಊರುತ್ತ ಸಿದ್ದಯ್ಯ ಅಡುಗೆಮನೆಯ ಹೊಸಿಲಿಗೆ ಬಂದ. ಬಂದು ಅಲ್ಲೇ ನಿಂತ. ಅವನ ಜಾತಿಯವರು ನಮ್ಮ ಪಡಸಾಲೆಗೆ ಬಂದದ್ದೇ ಅವತ್ತು ಮೊದಲು; ಅಡುಗೆಮನೆಯ ಮಾತು ದೂರ. “ಸದ್ದು ಒಳಗಡೀಗೆ ಓಯ್ತದೆ. ನಾನು ಇಲ್ಲೇ ನಿಂತ್ಕತೀನಿ, ನಿಮ್ಮ ಸೊಸೇರು ಆರೆ ಇಕ್ಕಿ ಕೇಳ್ಲಿ ಅಮ್ಮಾವ್ರೆ” ಎಂದ ತಲೆತಗ್ಗಿಸಿ.

ನಾನು ಹಾರೆ ಹಿಡಿದು ಕಿವಿಗೊಟ್ಟೆ. ಎಲ್ಲಿಟ್ಟರೂ ಒಂದೇ ಬಗೆಯ ಸುಯ್ಯೆಂಬ ಸದ್ದು. ಅದು ನೀರಿನದೋ ನನ್ನ ರಕ್ತದ್ದೋ ತಿಳಿಯದು. ಇಲ್ಲಿ ಇದೆ ಎಂದೆ, ಅಲ್ಲೂ ಇದೆ ಎಂದೆ. ಸಿದ್ದಯ್ಯ ಹೊಸಿಲಾಚೆಯಿಂದ ಕೇಳುತ್ತ ಹೋದ: ದಪ್ಪ ಸದ್ದೋ, ಸಣ್ಣ ಸದ್ದೋ? ಒಡೆದ ಹಾಗೋ, ಎಳೆದ ಹಾಗೋ? ನಾನು ಹಾರೆ ಎತ್ತಿ ಇನ್ನೊಂದು ಕಡೆ ಊರಿದೆ. ಕೊನೆಗೆ ಅವನು ಹೇಳಿದ, “ಅಮ್ಮಾವ್ರೆ, ಆರೆ ಕೊಡ್ಬೋದು, ಕಿವಿ ಎಂಗೆ ಕೊಡ್ಲಿ? ಈ ನೆಲ ಎಲ್ಲಾ ಅಗೀಬೇಕಾಯ್ತದೆ.”

ಅತ್ತೆ ಒಲೆಯ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದರು. ಆರಿಸಿ ಹಾಕಿಸಿದ ಗಾರೆ ನೆಲವನ್ನು ನೋಡಿದರು, ನೆಂದ ಗೋಡೆಯನ್ನು ನೋಡಿದರು, ನನ್ನ ಯಜಮಾನರ ಮುಖವನ್ನೂ ನೋಡಿದರು.

“ಒಳೀಕೆ ಬಾರಯ್ಯ ಸಿದ್ದ. ನೀನೇ ಬಂದು ಕೇಳು” ಎಂದರು ಅತ್ತೆ.

ಅವನು ಒಳಗೆ ಬಂದು, ಹಾರೆಯನ್ನು ಮೂರು ಕಡೆ ಊರಿ, ವಾಡೆಯಿದ್ದ ಮೂಲೆಯಿಂದ ಎರಡಡಿ ಈಚೆಗೆ ಬೆರಳಿಟ್ಟ. “ಇಲ್ಲಿ.” ಅಷ್ಟೇ. ಅಗೆದರೆ ಗಾರೆಯ ಕೆಳಗೆ ಮಣ್ಣೇ ಇರಲಿಲ್ಲ. ನೀರು ಕೊರೆದು ಕೊರೆದು ಒಂದು ಕೊಡವನ್ನು ಮಲಗಿಸುವಷ್ಟು ಪೊಳ್ಳಾಗಿತ್ತು. ಗೋಡೆಯ ಬುಡದ ಕಲ್ಲೊಂದು ಹಲ್ಲಿನಂತೆ ಅಲ್ಲಾಡುತ್ತಿತ್ತು. ಪೈಪು ತಿರುವು ಪಡೆಯುವ ಕಡೆ, ಜೋಡಣೆಯ ಸಂದಿನಿಂದ, ಸೂಜಿಯಷ್ಟು ಸಣ್ಣದಾದ ನೀರಿನ ಎಳೆ ನೇರವಾಗಿ ಆ ಕಲ್ಲಿಗೆ ಹೊಡೆಯುತ್ತಿತ್ತು. ಇಷ್ಟು ಸಣ್ಣದು, ಇಷ್ಟು ಅಂದವಾದದ್ದು! ಬೆಳಗಿನ ಬಿಸಿಲು ಗವಾಕ್ಷಿಯಿಂದ ಬಿದ್ದು ಅದು ಬೆಳ್ಳಿಯ ತಂತಿಯಂತೆ ಹೊಳೆಯಿತು.

ಸಿದ್ದಯ್ಯ ಬೀದಿಯ ಕಡೆಯ ವಾಲ್ವನ್ನು ಮುಚ್ಚಿ, ಜೋಡಣೆ ಬಿಚ್ಚಿ ತೋರಿಸಿದ. ಸುತ್ತಬೇಕಾದ ಸೆಣಬಿನ ನಾರನ್ನು ಮೊದಲು ಹಾಕಿದವನು ಹೆಸರಿಗೆ ಎರಡೆಳೆ ಸುತ್ತಿದ್ದ. ಇವನು ನಾರನ್ನು ಬಿಗಿಯಾಗಿ ಸುತ್ತಿ, ಸಂದು ಮುಚ್ಚುವ ಬಿಳಿ ಸಫೇದ ಬಳಿದು, ಪೈಪನ್ನು ನೆಲದಿಂದ ಹೊರಗೆ ತೆಗೆದು ಗೋಡೆಯ ಮೇಲೆಯೇ ಕೂರಿಸುತ್ತೇನೆ ಎಂದ. “ತಿಂಗ್ಳಿಗೊಂದ್ಸಲ ನಲ್ಲಿ ಎಲ್ಲಾ ಕಟ್ಟಿ, ನೀರು ಬರೋ ಒತ್ತಲ್ಲಿ ಪೈಪಿನ ಮೇಲೆ ಕೈ ಆಡ್ಸಿ ನೋಡ್ಕಳಿ. ಕಾಣೋ ಪೈಪು ಮೋಸ ಮಾಡಾಕಿಲ್ಲ” ಎಂದ. ಅತ್ತೆ ಈ ಸಲ ಹಾವಿನ ಮಾತೆತ್ತಲಿಲ್ಲ. ಅವನಿಗೆ ಕಾಫಿ ಕೊಟ್ಟದ್ದೂ ನಿಜ. ಕುಡಿದ ಲೋಟವನ್ನು ಅವನೇ ತೊಳೆದು ಹಿತ್ತಿಲ ಗೂಡಿನಲ್ಲಿ ಇಟ್ಟುಹೋದದ್ದೂ ನಿಜ. ಬರೆಯುವಾಗ ನಾಚಿಕೆಯಾಗುತ್ತದೆ, ಬಿಟ್ಟು ಬರೆದರೆ ಇನ್ನೂ ಹೆಚ್ಚು ನಾಚಿಕೆ.

ಆ ದಿನ ಅತ್ತೆ ಊಟ ಮಾಡಲಿಲ್ಲ. ಮೂರು ಗಂಟೆಯ ಹೊತ್ತಿಗೆ ಎದ್ದು ಮುಖ ತೊಳೆದು ಕುಂಕುಮವಿಲ್ಲದ ಹಣೆಗೆ ವಿಭೂತಿ ಇಟ್ಟುಕೊಂಡರು. “ಬಾ” ಎಂದು ನನ್ನನ್ನು ಕರೆದು ಮುಂದೆ ಹೊರಟರು. ಪಕ್ಕದ ಮನೆಗೆ ಹೋಗಲು ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಗೆ ಅವರು ತೆಗೆದುಕೊಂಡ ಸಮಯದಲ್ಲಿ ಕಟ್ಟಾಯಕ್ಕೆ ಹೋಗಿ ಬರಬಹುದಿತ್ತು.

ಚಿಕ್ಕತಾಯಮ್ಮ ಮಿಷನ್ನಿನಿಂದ ಏಳಲಿಲ್ಲ. ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು, “ನಿನ್ನ ಬಚ್ಲು ಅಲ್ಲ ಕಣೆ. ನನ್ನ ನಲ್ಲಿ.”

“ನಂಗೊತ್ತು.”

“ಎಲ್ಲಾ ಕೇಳುಸ್ಕಂಡಿದ್ದೀಯ, ಗೊತ್ತಿರ್ದೆ ಏನು.”

“ಇವತ್ತಲ್ಲ ಕಣಕ್ಕ” ಎಂದರು ಚಿಕ್ಕತಾಯಮ್ಮ, ಸೂಜಿಯ ಕೆಳಗಿನ ಬಟ್ಟೆಯನ್ನೇ ನೋಡುತ್ತ. “ನಲ್ಲಿ ಆಕ್ಸಿದ ವಾರಕ್ಕೇ ಗೊತ್ತು. ಮಿಷನ್ನು ನಿಲ್ಸಿದಾಗೆಲ್ಲ ಗ್ವಾಡೆ ಬುಡದಾಗೆ ಸುಯ್ ಅಂತಿತ್ತು. ಬೆಳಗಾಗೆದ್ದು ನೀರು ಬರೋಗಂಟ ಇಲ್ಲ, ಬಂದ್ಮೇಲೆ ಸುರು.”

ಅತ್ತೆ ದಂಗಾಗಿ ನಿಂತರು. “ಗೊತ್ತಿದ್ದು ಯಾಕೆ ಯೋಳ್ಲಿಲ್ಲ?”

“ಎಂಗೆ ಯೋಳ್ಲಿ? ನಿನ್ನ ಗಂಡ ಓದ್ಮೇಲೆ ನಿನ್ನ ಮುಖದಾಗೆ ಅಷ್ಟು ನಗು ನಾ ಕಂಡಿರ್ಲಿಲ್ಲ. ನಮ್ಮಲ್ಲಿ ನಲ್ಲಿ ಅಂತ ಬೀದಿ ತುಂಬ ಕುಣೀತಿದ್ದೆ. ನಾಕು ದಿನ ಕುಣೀಲಿ, ಆಮ್ಯಾಕೆ ಯೋಳಾನಾ ಅನ್ಕಂಡೆ.” ಬಟ್ಟೆಯ ನೂಲು ಕಡಿದು ಮುಂದುವರಿಸಿದರು, “ಬಾವಿತಾವ ಯೋಳಾಕೇ ಬಾಯಿ ತೆಗ್ದೆ. ನೀನು ಯೋಗ್ಯತೆ ಅಂದ್ಬುಟ್ಟೆ. ಆಮೇಲೆ ಯೋಳ್ಬಾರ್ದು ಅಂತ್ಲೇ ಯೋಳ್ಲಿಲ್ಲ. ನೆನೀಲಿ, ಬೀಳ್ಲಿ ಅಂತ ಕೋಪ.”

ನನಗೆ ಅವರ ಆ ನಗೆಯ ಅರ್ಥ ಈಗ ಆಯಿತು. ಮೊದಲು ಪ್ರೀತಿಗೆ ಮುಚ್ಚಿಟ್ಟದ್ದು, ಆಮೇಲೆ ಕೋಪಕ್ಕೆ ಮುಚ್ಚಿಟ್ಟದ್ದು. ಒಂದೇ ಮೌನದಲ್ಲಿ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಅವರಿಗೂ ಗೊತ್ತಿದ್ದಿರಲಾರದು.

ಅತ್ತೆಯ ಕಣ್ಣು ಮಿಷನ್ನಿನ ಹಿಂದಿನ ಗೋಡೆಯ ಮೇಲೆ ಬಿತ್ತು. ಚಿಕ್ಕತಾಯಮ್ಮನ ತಲೆಯ ಮೇಲಿಂದಲೇ ಒಂದು ಬಿರುಕು ಸೂರಿನವರೆಗೆ ಏರಿತ್ತು. ಇದುವರೆಗೆ ಬಾಗಿಲಾಚೆಯೇ ನಿಂತಿದ್ದವರು ನುಗ್ಗಿ ಬಂದು ಅವರ ರಟ್ಟೆ ಹಿಡಿದು ಎಳೆದು ನಡುಮನೆಗೆ ತಂದರು. “ನಿನ್ನ ಕೋಪಕ್ಕಿಷ್ಟು ಬೆಂಕಿ ಇಕ್ಕ! ಈ ಗ್ವಾಡೆ ಕೆಳಗೆ ತಲೆ ಇಕ್ಕಂಡು ದಿನಾ ಒಲೀತಾ ಕುಂತಿದ್ಯಲ್ಲೇ, ಮೈಮ್ಯಾಲೆ ಬಿದ್ದಿದ್ರೆ? ನಾ ಯಾರ ಕೂಡೆ ಜಗಳ ಆಡ್ಲಿ?” ಎಂದರು. ಎಂದವರೇ, ಗದ್ದೆಬದುವಿನ ಮೇಲೆ ಹತ್ತು ಆಳುಗಳನ್ನು ನಡುಗಿಸುತ್ತಿದ್ದ ನಮ್ಮತ್ತೆ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಚಿಕ್ಕತಾಯಮ್ಮ ಅವರ ಗಲ್ಲ ಹಿಡಿದುಕೊಂಡರು. ಬೂಷ್ಟು ಹಿಡಿದ ರವಿಕೆ ಬಟ್ಟೆಗಳು ಹಗ್ಗದ ಮೇಲೆ ಆಡುತ್ತಿದ್ದವು. ನಾನು ಅವನ್ನು ಮಡಿಸುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಗೋಡೆಯನ್ನು ಉಳಿಸುವಂತಿರಲಿಲ್ಲ. ಮೇಸ್ತ್ರಿ ಬಂದು ನೋಡಿ, ತೊಲೆಗಳಿಗೆ ಮರದ ಊರುಗೋಲು ಕೊಟ್ಟು, ಮೆತ್ತಗಾದ ಭಾಗವನ್ನೆಲ್ಲ ಕೆಡವಿದ. ಅಡುಗೆಮನೆಯಿಂದ ಹೊಲಿಗೆಯ ಕೋಣೆಯವರೆಗೆ ಎರಡು ಮನೆ ಒಂದಾಯಿತು. ಹೊಸ ಗೋಡೆಗೆ ಸುಟ್ಟ ಇಟ್ಟಿಗೆ ಎಂದು ತೀರ್ಮಾನವಾಗಿ, ಇಟ್ಟಿಗೆ ಬರುವವರೆಗೆ ಹನ್ನೆರಡು ದಿನ ನಾವು ಹಾಗೆಯೇ ಬಾಳಿದೆವು. ಮೊದಲ ಮೂರು ದಿನ ಅದೊಂದು ಹಬ್ಬ. ಒಂದೇ ಒಲೆ, ಒಂದೇ ಸಾರು. ಇಬ್ಬರೂ ಸೇರಿ ನಿಂತ ಮಾತುಗಳನ್ನೆಲ್ಲ ಬಾಕಿ ಉಳಿಯದಂತೆ ಆಡಿ ಮುಗಿಸಿದರು.

ನಾಲ್ಕನೆಯ ದಿನ ಚಿಕ್ಕತಾಯಮ್ಮ ಅತ್ತೆಯ ಸಾರಿಗೆ ಹುಳಿ ಜಾಸ್ತಿ ಎಂದರು. ಐದನೆಯ ದಿನ ಅತ್ತೆ, ಈ ಮಿಷನ್ನಿನ ಸದ್ದಿಗೆ ತಮ್ಮ ಮಧ್ಯಾಹ್ನದ ನಿದ್ದೆ ಕೆಟ್ಟಿತೆಂದರು. ಎಂಟನೆಯ ದಿನದ ಹೊತ್ತಿಗೆ ಯಾರ ಗೊರಕೆ ದೊಡ್ಡದು ಎಂಬ ವಿಷಯದಲ್ಲಿ ನನ್ನನ್ನು ಸಾಕ್ಷಿ ಹೇಳಲು ಕರೆದರು. ನಾನು ಒಲೆ ಊದುವ ನೆಪ ಹೇಳಿ ತಪ್ಪಿಸಿಕೊಂಡೆ. ಹನ್ನೆರಡನೆಯ ದಿನ ಇಟ್ಟಿಗೆಯ ಗಾಡಿ ಬಂದಾಗ ಇಬ್ಬರೂ ಒಟ್ಟಿಗೇ ಬೀದಿಗೆ ಓಡಿ ಬಂದು, “ಬಿರ್ರನೆ ಎಬ್ಬುಸಪ್ಪ ಮಾರಾಯ ಗ್ವಾಡೆಯ” ಎಂದು ಮೇಸ್ತ್ರಿಗೆ ದುಂಬಾಲು ಬಿದ್ದರು.

ಅವನು ಅಂದೇ ಕೆಲಸ ಹಿಡಿದ. ಅತ್ತೆ ಈ ಕಡೆ ಕೂತರು, ಚಿಕ್ಕತಾಯಮ್ಮ ಆ ಕಡೆ ಕೂತರು. ಇಬ್ಬರ ಮುಂದೆಯೂ ಬಿಡಿಸಲು ಅವರೆಕಾಯಿಯ ಮೊರ. ಇಟ್ಟಿಗೆ ಸಾಲು ಮೊಣಕಾಲೆತ್ತರಕ್ಕೆ ಬಂತು, ಸೊಂಟಕ್ಕೆ ಬಂತು. ಯಾರದೋ ಮಗಳ ಸೀಮಂತದ ವಿಷಯ ನಡೆದಿತ್ತು. ಇಟ್ಟಿಗೆ ಕುತ್ತಿಗೆಗೆ ಬಂದಾಗ ಇಬ್ಬರೂ ಎದ್ದು ನಿಂತು ಮಾತು ಮುಂದುವರಿಸಿದರು. ಹಣೆಗೆ ಬಂತು. ಮೊದಲು ಚಿಕ್ಕತಾಯಮ್ಮನ ಮುಖ ಮರೆಯಾಯಿತು, ಆಮೇಲೆ ಅವರ ತುರುಬು ಕೂಡ. ಅತ್ತೆ ಮತ್ತೆ ಕೂತು ಒಂದು ಅವರೆಕಾಯಿ ಬಿಡಿಸಿದರು.

“ಆಮ್ಯಾಕೆ? ಏನಂದ್ಳಂತೆ ಅವಳ ಅತ್ತೆ?” ಎಂದು ಗೋಡೆಯನ್ನು ಕೇಳಿದರು.

ಗೋಡೆಯಾಚೆಯಿಂದ ಉತ್ತರ ಬಂತು. ನಡುವಿನ ಹಸಿ ಗಾರೆ ಇನ್ನೂ ಒಣಗಿರಲಿಲ್ಲ.